ಆಲ್ಫಾ ಕ್ಷಯದಲ್ಲಿ ಶಕ್ತಿ ಮತ್ತು ಸಂವೇಗ: ಕೊನೆಯ ಕೆಇವಿವರೆಗೂ ಲೆಕ್ಕ ಹಾಕುವುದು ಹೇಗೆ

ರೇಡಿಯಂ-226ರ ಆಲ್ಫಾ ಕ್ಷಯದಲ್ಲಿ, ಅಂದರೆ ಅದರ ನ್ಯೂಕ್ಲಿಯಸ್ ಒಂದು ಹೀಲಿಯಂ ನ್ಯೂಕ್ಲಿಯಸನ್ನು (ಆಲ್ಫಾ ಕಣವನ್ನು) ಹೊರಹಾಕುವಾಗ, ಎಷ್ಟು ಶಕ್ತಿ ಹೊರಬರುತ್ತದೆ ಎಂದು ಹುಡುಕಹೊರಟವರಿಗೆ ಮೂರು ಉತ್ತರಗಳು ಎದುರಾಗುತ್ತವೆ. ಒಂದು ಕೋಷ್ಟಕ 4.871 ಎಂಇವಿ ಎನ್ನುತ್ತದೆ. ಇನ್ನೊಂದು 4.784 ಎಂಇವಿ ಎನ್ನುತ್ತದೆ. ಮತ್ತೊಂದರಲ್ಲಿ 4.601 ಎಂಇವಿ ಎಂಬ ಸಾಲೂ ಇದ್ದು, ಅದರ ಪಕ್ಕದಲ್ಲಿ 186 ಕೆಇವಿಯ ಒಂದು ಗಾಮಾ ಕಿರಣ ನಮೂದಾಗಿರುತ್ತದೆ. ಮೂರೂ ಸರಿ. ಮೂರೂ ಒಂದೇ ಘಟನೆಯನ್ನು ಕುರಿತ ಸಂಖ್ಯೆಗಳು. ಅಳೆದಿರುವ ಸಂಗತಿ ಮಾತ್ರ ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಶಕ್ತಿ ಸಂರಕ್ಷಣೆ ಮತ್ತು ಸಂವೇಗ ಸಂರಕ್ಷಣೆ ಎಂಬ ಎರಡು ನಿಯಮಗಳು ಸಾಕು. ಪಿಯುಸಿ ಭೌತಶಾಸ್ತ್ರ ಓದಿದವರು ಯಾರು ಬೇಕಾದರೂ ಈ ಲೆಕ್ಕ ಮಾಡಬಹುದು.

ಶಕ್ತಿಯ ನಿಯಮವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಸಂವೇಗದ್ದನ್ನು ಬಿಟ್ಟುಬಿಡುತ್ತಾರೆ. ಆದರೆ ಆ ಶಕ್ತಿಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನಿಸುವುದು ಸಂವೇಗವೇ. ಹಾಗಾಗಿ ಇಲ್ಲಿ ಹೆಚ್ಚು ಹೊತ್ತು ಅದರ ಹತ್ತಿರವೇ ನಿಲ್ಲುತ್ತೇನೆ.

ಬೇಕಾದ ಸಾಮಗ್ರಿ

ಒಂದು ಕ್ಯಾಲ್ಕುಲೇಟರ್, ಪರಮಾಣು ದ್ರವ್ಯರಾಶಿಗಳ ಒಂದು ಒಳ್ಳೆಯ ಕೋಷ್ಟಕ, ಮತ್ತು ಎರಡು ಸ್ಥಿರಾಂಕಗಳು. ಒಂದು ಪರಮಾಣು ದ್ರವ್ಯರಾಶಿ ಏಕಮಾನ ಎಂದರೆ 931.494 ಎಂಇವಿ ಶಕ್ತಿ. ಆಲ್ಫಾ ಕಣದ ದ್ರವ್ಯರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಹೇಳಿದರೆ 3727.4 ಎಂಇವಿ. ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಇವಿ), ಕೆಇವಿ ಎಂದರೆ ಒಂದು ಸಾವಿರ ಎಲೆಕ್ಟ್ರಾನ್ ವೋಲ್ಟ್. ಜೂಲ್‌ಗೆ ಬದಲಾಯಿಸುವ ಗೋಜಿಗೆ ಈಗಲೇ ಹೋಗಬೇಡಿ. ಕೊನೆಗೆ ಬೇಕಾದರೆ ಒಮ್ಮೆ ಗುಣಿಸಿದರಾಯಿತು.

ಹೆಜ್ಜೆ 1: ಸಮೀಕರಣ ಬರೆಯಿರಿ

ರೇಡಿಯಂ-226 → ರೇಡಾನ್-222 + ಹೀಲಿಯಂ-4

ದ್ರವ್ಯರಾಶಿ ಸಂಖ್ಯೆ 4 ಇಳಿಯಬೇಕು, ಪರಮಾಣು ಸಂಖ್ಯೆ 2 ಇಳಿಯಬೇಕು. 226 = 222 + 4, 88 = 86 + 2. ಇಷ್ಟು ಸರಿಯಿದ್ದರೆ ಮುಂದಕ್ಕೆ ಹೋಗಿ.

ಹೆಜ್ಜೆ 2: ಒಟ್ಟು ಬಿಡುಗಡೆಯಾದ ಶಕ್ತಿ, ಅಂದರೆ ಕ್ಯೂ ಮೌಲ್ಯ

ಕ್ಷಯದ ಮೊದಲು ಇದ್ದ ದ್ರವ್ಯರಾಶಿಯಿಂದ ಆಮೇಲೆ ಉಳಿದದ್ದನ್ನು ಕಳೆಯಿರಿ.

ರೇಡಿಯಂ-226: 226.025410
ರೇಡಾನ್-222: 222.017578
ಹೀಲಿಯಂ-4: 4.002603

226.025410 − 222.017578 − 4.002603 = 0.005229 ಏಕಮಾನ

0.005229 × 931.494 = 4.871 ಎಂಇವಿ

ಇದೇ ಕ್ಯೂ. ಕಾಣಲು ಸರಳವಾದರೂ ಈ ಕಳೆಯುವ ಲೆಕ್ಕದಲ್ಲಿ ಎರಡು ಕಡೆ ಕಾಲು ಜಾರುವ ಸಾಧ್ಯತೆ ಇದೆ.

ಮೊದಲನೆಯದು ದಶಮಾಂಶ ಸ್ಥಾನಗಳದು. ಮೇಲಿನ ಸಂಖ್ಯೆಗಳನ್ನು ಮೂರು ಸ್ಥಾನಗಳಿಗೆ ಅಂದಾಜಿಸಿ ನೋಡಿ: 226.025 − 222.018 − 4.003 = 0.004. ಅದನ್ನು 931.494ರಿಂದ ಗುಣಿಸಿದರೆ 3.73 ಎಂಇವಿ. ಒಂದು ಎಂಇವಿಗೂ ಹೆಚ್ಚು ಶಕ್ತಿ ಮಾಯ! ಎರಡು ದೊಡ್ಡ ಸಂಖ್ಯೆಗಳ ನಡುವಿನ ತೀರ ಸಣ್ಣ ವ್ಯತ್ಯಾಸವನ್ನು ನಾವು ಹುಡುಕುತ್ತಿದ್ದೇವೆ. ಆರನೆಯ ದಶಮಾಂಶ ಸ್ಥಾನದ ಒಂದು ಅಂಕಿ ಸುಮಾರು 0.93 ಕೆಇವಿಗೆ ಸಮ. ಆದ್ದರಿಂದ ಕೆಇವಿ ಮಟ್ಟದ ನಿಖರತೆ ಬೇಕಿದ್ದರೆ ಆರು ಸ್ಥಾನಗಳನ್ನು ಕೊನೆಯವರೆಗೂ ಉಳಿಸಿಕೊಳ್ಳಲೇಬೇಕು. ಅಂದಾಜಿಸುವುದೇನಿದ್ದರೂ ಗುಣಾಕಾರ ಮುಗಿದ ಮೇಲೆ.

ಎರಡನೆಯದು ಎಲೆಕ್ಟ್ರಾನ್‌ಗಳದು. ಕೋಷ್ಟಕದಲ್ಲಿರುವುದು ಇಡೀ ಪರಮಾಣುವಿನ ದ್ರವ್ಯರಾಶಿ, ಎಲೆಕ್ಟ್ರಾನ್‌ಗಳೂ ಸೇರಿ. ರೇಡಿಯಂನಲ್ಲಿ 88, ರೇಡಾನ್‌ನಲ್ಲಿ 86, ಹೀಲಿಯಂ ಪರಮಾಣುವಿನಲ್ಲಿ 2. ಎರಡೂ ಬದಿಯಲ್ಲಿ ಸಮವಾಗಿರುವುದರಿಂದ ಅವು ತಾವಾಗಿಯೇ ವಜಾ ಆಗುತ್ತವೆ. ಆದರೆ "ಹೊರಬರುವುದು ಆಲ್ಫಾ ಕಣ ತಾನೇ, ಹೀಲಿಯಂ ಪರಮಾಣು ಅಲ್ಲವಲ್ಲ" ಎಂದುಕೊಂಡು ಬರಿಯ ನ್ಯೂಕ್ಲಿಯಸ್‌ನ 4.001506 ಹಾಕಿದರೆ ಎರಡು ಎಲೆಕ್ಟ್ರಾನ್‌ಗಳು ಲೆಕ್ಕದಿಂದ ಕಾಣೆಯಾಗಿ ಉತ್ತರ 1.022 ಎಂಇವಿ ಹೆಚ್ಚಿಗೆ ಬರುತ್ತದೆ. ಎಲ್ಲವೂ ಪರಮಾಣು ದ್ರವ್ಯರಾಶಿಯಾಗಿರಲಿ, ಇಲ್ಲವೇ ಎಲ್ಲವೂ ನ್ಯೂಕ್ಲಿಯಸ್ ದ್ರವ್ಯರಾಶಿಯಾಗಿರಲಿ. ಬೆರೆಸಬೇಡಿ. ನಿಮ್ಮ ಉತ್ತರ ಪುಸ್ತಕದ ಉತ್ತರಕ್ಕಿಂತ ಸರಿಯಾಗಿ 1.022 ಎಂಇವಿ ಆಚೆ ಈಚೆ ಇದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಅಗತ್ಯವೇ ಇಲ್ಲ.

ಈ 4.871 ಎಂಇವಿ ಬಂದದ್ದಾದರೂ ಎಲ್ಲಿಂದ? ಬಂಧನ ಶಕ್ತಿಯ ಕಡೆಯಿಂದ ನೋಡಿದರೆ ತಿಳಿಯುತ್ತದೆ. ರೇಡಿಯಂ-226ರಿಂದ ಎರಡು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನ್‌ಗಳನ್ನು ಬಿಡಿಬಿಡಿಯಾಗಿ ಕಿತ್ತು ತೆಗೆಯಲು ಸುಮಾರು 23.4 ಎಂಇವಿ ಖರ್ಚಾಗುತ್ತದೆ. ಆ ನಾಲ್ಕೂ ಸೇರಿ ಆಲ್ಫಾ ಕಣವಾದಾಗ 28.3 ಎಂಇವಿ ವಾಪಸು ಸಿಗುತ್ತದೆ. ಖರ್ಚು ಕಳೆದು ಉಳಿದದ್ದೇ ಕ್ಯೂ. ಒಂಟಿ ಪ್ರೋಟಾನನ್ನು ಹೊರಹಾಕಿದರೆ ಹೀಗೆ ಮರಳಿ ಸಿಗುವುದು ಏನೂ ಇಲ್ಲ. ಅದಕ್ಕೇ ರೇಡಿಯಂ ಪ್ರೋಟಾನ್ ಉಗುಳುವುದಿಲ್ಲ, ಬಿಗಿಯಾಗಿ ಕಟ್ಟಿಕೊಂಡ ಹೀಲಿಯಂ ನ್ಯೂಕ್ಲಿಯಸನ್ನು ಉಗುಳುತ್ತದೆ.

ಹೆಜ್ಜೆ 3: ಸಂವೇಗದ ಪ್ರಕಾರ ಪಾಲು ಮಾಡಿ

ಕ್ಷಯಕ್ಕೆ ಮೊದಲು ರೇಡಿಯಂ ನ್ಯೂಕ್ಲಿಯಸ್ ನಿಶ್ಚಲವಾಗಿದೆ ಎಂದಿಟ್ಟುಕೊಳ್ಳಿ. ಕೋಣೆಯ ಉಷ್ಣತೆಯಲ್ಲಿ ಪರಮಾಣುವಿನ ಅಲುಗಾಟದ ಶಕ್ತಿ ಒಂದು ಇವಿಯ ನೂರನೇ ಭಾಗಗಳಲ್ಲಿ ಇರುವುದರಿಂದ ಇಲ್ಲಿ ಅದನ್ನು ಮರೆಯಬಹುದು. ಅಂದರೆ ಒಟ್ಟು ಸಂವೇಗ ಸೊನ್ನೆ. ಕ್ಷಯವಾದ ಮೇಲೂ ಅದು ಸೊನ್ನೆಯಾಗಿಯೇ ಇರಬೇಕು. ಆಲ್ಫಾ ಕಣ ಒಂದು ದಿಕ್ಕಿಗೆ ಚಿಮ್ಮಿದರೆ ರೇಡಾನ್ ಅದಕ್ಕೆ ನೇರ ವಿರುದ್ಧ ದಿಕ್ಕಿಗೆ ಅಷ್ಟೇ ಸಂವೇಗದಿಂದ ಹಿಮ್ಮೆಟ್ಟಬೇಕು. ದೋಣಿಯಿಂದ ದಡಕ್ಕೆ ಹಾರಿದಾಗ ದೋಣಿ ಹಿಂದೆ ಸರಿಯುತ್ತದಲ್ಲ, ಹಾಗೆ.

ಇಲ್ಲಿ ಗಮನಿಸಬೇಕಾದದ್ದು: ಸಂವೇಗ ಇಬ್ಬರಿಗೂ ಸಮ, ಶಕ್ತಿ ಸಮ ಅಲ್ಲ. ಏಕೆಂದರೆ

ಚಲನಶಕ್ತಿ = ಸಂವೇಗ² ÷ (2 × ದ್ರವ್ಯರಾಶಿ)

ಸಂವೇಗ ಒಂದೇ ಆಗಿದ್ದರೆ ಚಲನಶಕ್ತಿ ದ್ರವ್ಯರಾಶಿಗೆ ವಿಲೋಮ ಅನುಪಾತದಲ್ಲಿರುತ್ತದೆ. ಹಗುರವಾದವನಿಗೆ ಹೆಚ್ಚು, ಭಾರವಾದವನಿಗೆ ಕಡಿಮೆ. ರೇಡಾನ್ ಆಲ್ಫಾಗಿಂತ 222 ÷ 4 = 55.5 ಪಟ್ಟು ಭಾರ, ಹಾಗಾಗಿ ಅದಕ್ಕೆ ಸಿಗುವ ಶಕ್ತಿ ಆಲ್ಫಾದ 55.5ರಲ್ಲಿ ಒಂದು ಭಾಗ. ಎರಡೂ ಕೂಡಿದರೆ ಕ್ಯೂ ಆಗಬೇಕು. ಇದರಿಂದ ಬರುವ ಸೂತ್ರಗಳು ಇವು (ಕ್ಷಯವಾಗುವ ನ್ಯೂಕ್ಲಿಯಸ್ ಮಾತೃ, ಆಲ್ಫಾ ಹೋದ ಮೇಲೆ ಉಳಿಯುವುದು ಪುತ್ರಿ):

ಆಲ್ಫಾದ ಶಕ್ತಿ = ಕ್ಯೂ × (ಪುತ್ರಿಯ ದ್ರವ್ಯರಾಶಿ ಸಂಖ್ಯೆ ÷ ಮಾತೃವಿನ ದ್ರವ್ಯರಾಶಿ ಸಂಖ್ಯೆ)

ಪುತ್ರಿಯ ಶಕ್ತಿ = ಕ್ಯೂ × (4 ÷ ಮಾತೃವಿನ ದ್ರವ್ಯರಾಶಿ ಸಂಖ್ಯೆ)

ರೇಡಿಯಂಗೆ ಅನ್ವಯಿಸಿದರೆ:

ಆಲ್ಫಾ: 4.871 × 222 ÷ 226 = 4.785 ಎಂಇವಿ
ರೇಡಾನ್: 4.871 × 4 ÷ 226 = 0.086 ಎಂಇವಿ, ಅಂದರೆ 86 ಕೆಇವಿ

ಅಳತೆಯಲ್ಲಿ ಸಿಕ್ಕ ಆಲ್ಫಾ ಶಕ್ತಿ 4.784 ಎಂಇವಿ. ಮೊದಲ ಎರಡು ಸಂಖ್ಯೆಗಳ ಗೋಜಲು ಇಲ್ಲಿಗೆ ಬಿಡಿಸಿತು.

ನಿಖರ ದ್ರವ್ಯರಾಶಿಗಳ ಬದಲು 222, 226 ಎಂಬ ಪೂರ್ಣ ಸಂಖ್ಯೆಗಳನ್ನು ಬಳಸಿದ್ದು ಸರಿಯೇ ಎಂಬ ಅನುಮಾನ ಬರಬಹುದು. ಸರಿ. ಎರಡನೇ ಹೆಜ್ಜೆಯಲ್ಲಿ ವ್ಯತ್ಯಾಸ ಹುಡುಕುತ್ತಿದ್ದೆವು, ಅಲ್ಲಿ ಆರನೆಯ ಸ್ಥಾನವೂ ಮುಖ್ಯ. ಇಲ್ಲಿ ಅನುಪಾತ ಮಾತ್ರ ಬೇಕು. ಇದರಿಂದ ಆಗುವ ವ್ಯತ್ಯಾಸ ಒಂದು ಕೆಇವಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಹೆಜ್ಜೆ 4: ಸಂವೇಗವನ್ನು ನೇರವಾಗಿ ಲೆಕ್ಕ ಹಾಕಿ ತಾಳೆ ನೋಡಿ

ಸೂತ್ರಕ್ಕೆ ಸಂಖ್ಯೆ ತುಂಬಿ ಕೈತೊಳೆದುಕೊಂಡರೆ ವಿಷಯ ಮೈಗೂಡುವುದಿಲ್ಲ. ಸಂವೇಗದ ಮೌಲ್ಯವನ್ನೇ ಒಮ್ಮೆ ಕಣ್ಣಾರೆ ನೋಡಿ.

ಆಲ್ಫಾದ ಸಂವೇಗ = √(2 × 3727.4 × 4.784) = ಸುಮಾರು 188.9

ಇದರ ಏಕಮಾನ ಎಂಇವಿ ಭಾಗಿಸು ಬೆಳಕಿನ ವೇಗ. ಈಗ ಇದೇ ಸಂವೇಗವನ್ನು ರೇಡಾನ್‌ಗೆ ಕೊಡಿ. ರೇಡಾನ್-222ರ ದ್ರವ್ಯರಾಶಿ ಶಕ್ತಿಯ ಲೆಕ್ಕದಲ್ಲಿ ಸುಮಾರು 2,06,808 ಎಂಇವಿ.

188.9² ÷ (2 × 2,06,808) = 0.086 ಎಂಇವಿ

ಮೂರನೆಯ ಹೆಜ್ಜೆಯ ಉತ್ತರವೇ ಬಂತು. ವೇಗಗಳನ್ನೂ ನೋಡಿಬಿಡೋಣ. ಆಲ್ಫಾದ ವೇಗ ಬೆಳಕಿನ ವೇಗದ √(2 × 4.784 ÷ 3727.4) = 0.0507 ಭಾಗ, ಅಂದರೆ ಸೆಕೆಂಡಿಗೆ ಸುಮಾರು 15,200 ಕಿಲೋಮೀಟರ್. ರೇಡಾನ್‌ನದು ಸೆಕೆಂಡಿಗೆ ಸುಮಾರು 274 ಕಿಲೋಮೀಟರ್. ಬೆಳಕಿನ ವೇಗದ ಇಪ್ಪತ್ತನೇ ಒಂದು ಭಾಗದಲ್ಲಿ ಸಾಪೇಕ್ಷತಾ ಸಿದ್ಧಾಂತ ಬೇಡವೇ ಎಂದರೆ, ಈ ಲೆಕ್ಕಕ್ಕೆ ಬೇಡ. ಚಲನಶಕ್ತಿ ಆಲ್ಫಾದ ದ್ರವ್ಯರಾಶಿ ಶಕ್ತಿಯ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಸಾಪೇಕ್ಷತೆಯ ಸೂತ್ರ ಹಾಕಿದರೂ ಪಾಲು 0.1 ಕೆಇವಿಯಷ್ಟೂ ಬದಲಾಗುವುದಿಲ್ಲ. ಆದರೆ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಹೊರಹಾಕುವ ಬೀಟಾ ಕ್ಷಯದಲ್ಲಿ ಆ ಎಲೆಕ್ಟ್ರಾನ್‌ಗೆ ಇದೇ ಸರಳ ಸೂತ್ರ ಹಾಕಿದರೆ ಉತ್ತರ ಪೂರ್ತಿ ಕೆಡುತ್ತದೆ.

ಒಂದೇ ಗೆರೆ ಏಕೆ?

ಬೀಟಾದ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಆಲ್ಫಾ ಕ್ಷಯದಲ್ಲಿ ಹೊರಬರುವವರು ಇಬ್ಬರು. ಗೊತ್ತಿಲ್ಲದ ಪ್ರಮಾಣಗಳು ಎರಡು: ಆಲ್ಫಾದ ಶಕ್ತಿ, ಪುತ್ರಿಯ ಶಕ್ತಿ. ನಮ್ಮ ಬಳಿ ಸಮೀಕರಣಗಳೂ ಎರಡು: ಶಕ್ತಿಯದ್ದೊಂದು, ಸಂವೇಗದ್ದೊಂದು. ಹಾಗಾಗಿ ಉತ್ತರ ಒಂದೇ. ಪ್ರಕೃತಿಗೆ ಆಯ್ಕೆಯೇ ಇಲ್ಲ. ದಿಕ್ಕು ಯಾವುದಾದರೂ ಆಗಬಹುದು, ಶಕ್ತಿ ಮಾತ್ರ ನಿಗದಿತ. ಡಿಟೆಕ್ಟರ್‌ನಲ್ಲಿ ಆಲ್ಫಾಗಳು ಚೂಪಾದ ಗೆರೆಗಳಾಗಿ ಕಾಣುವುದು ಇದರಿಂದಲೇ.

ಬೀಟಾ ಕ್ಷಯದಲ್ಲಿ ಎಲೆಕ್ಟ್ರಾನ್‌ಗಳು ಸೊನ್ನೆಯಿಂದ ಒಂದು ಗರಿಷ್ಠ ಮಿತಿಯವರೆಗೆ ಎಲ್ಲ ಶಕ್ತಿಗಳಲ್ಲೂ ಬರುತ್ತವೆ. ಇಬ್ಬರೇ ಇದ್ದಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ. 1930ರಲ್ಲಿ ವೂಲ್ಫ್‌ಗಾಂಗ್ ಪೌಲಿ ಕಣ್ಣಿಗೆ ಬೀಳದ ಮೂರನೆಯ ಕಣವೊಂದು ಇರಬೇಕು ಎಂದು ಸೂಚಿಸಿದ್ದು ಇದೇ ತರ್ಕದಿಂದ. ಅದನ್ನೇ ಈಗ ನ್ಯೂಟ್ರಿನೋ ಎನ್ನುತ್ತೇವೆ. ಆಲ್ಫಾ ಗೆರೆಯ ಚೂಪು ಮತ್ತು ನ್ಯೂಟ್ರಿನೋ ಇರುವಿಕೆ, ಎರಡೂ ಒಂದೇ ಎಣಿಕೆಯಿಂದ ಹೊರಡುತ್ತವೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ಹೆಜ್ಜೆ 5: ಒಂದಕ್ಕಿಂತ ಹೆಚ್ಚು ಗೆರೆಗಳಿದ್ದರೆ

ಇಬ್ಬರೇ ಇದ್ದರೆ ಒಂದೇ ಗೆರೆ ಎಂದ ಮೇಲೆ ರೇಡಿಯಂಗೆ 4.601 ಎಂಇವಿಯ ಎರಡನೆಯ ಗೆರೆ ಎಲ್ಲಿಂದ ಬಂತು? 1929ರಲ್ಲಿ ಸಾಲೊಮನ್ ರೋಸೆನ್‌ಬ್ಲಮ್ ಪ್ಯಾರಿಸ್ ಬಳಿಯ ದೊಡ್ಡ ವಿದ್ಯುತ್ಕಾಂತವನ್ನು ಬಳಸಿ ಆಲ್ಫಾ ಕಣಗಳ ಪಥ ಬಾಗಿಸಿದಾಗ, ಒಂದೇ ಎಂದುಕೊಂಡಿದ್ದ ಗೆರೆ ಹಲವು ಗೆರೆಗಳಾಗಿ ಬಿಡಿಸಿಕೊಂಡಿತು. ಕಾರಣ, ಪುತ್ರಿ ನ್ಯೂಕ್ಲಿಯಸ್ ಯಾವಾಗಲೂ ತನ್ನ ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿ ಹುಟ್ಟುವುದಿಲ್ಲ. ಕೆಲವೊಮ್ಮೆ ಉದ್ರೇಕಿತ ಸ್ಥಿತಿಯಲ್ಲಿ ಹುಟ್ಟಿ, ಮರುಕ್ಷಣ ಗಾಮಾ ಕಿರಣ ಹೊರಹಾಕಿ ಕೆಳಗಿಳಿಯುತ್ತದೆ. ಆ ಗಾಮಾಕ್ಕೆ ಮೀಸಲಾದ ಶಕ್ತಿ ಚಲನೆಗೆ ಸಿಗುವುದಿಲ್ಲ.

ಆದ್ದರಿಂದ ಕ್ರಮ ಹೀಗೆ: ಮೊದಲು ಕ್ಯೂನಿಂದ ಉದ್ರೇಕ ಶಕ್ತಿ ಕಳೆಯಿರಿ, ಉಳಿದದ್ದನ್ನು ಪಾಲು ಮಾಡಿ.

4.871 − 0.186 = 4.685
4.685 × 222 ÷ 226 = 4.602 ಎಂಇವಿ

ಅಳತೆ ಹೇಳುವುದು 4.601. ಮೂರನೆಯ ಸಂಖ್ಯೆಯೂ ದಕ್ಕಿತು.

ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಎರಡು ಆಲ್ಫಾ ಗೆರೆಗಳ ಅಂತರ 4.784 − 4.601 = 0.183, ಅಂದರೆ 183 ಕೆಇವಿ. ಗಾಮಾ ಮಾತ್ರ 186 ಕೆಇವಿ. ಈ 3 ಕೆಇವಿಯನ್ನು ಅಳತೆಯ ದೋಷ ಎಂದು ತಳ್ಳಿಹಾಕುವುದು ಸುಲಭ, ಆದರೆ ದೋಷವಲ್ಲ. ಆಲ್ಫಾದ ಶಕ್ತಿ ಇಳಿದಾಗ ಹಿಮ್ಮೆಟ್ಟುವ ರೇಡಾನ್‌ನ ಶಕ್ತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 183 × 226 ÷ 222 = 186. ಲೆಕ್ಕ ಸರಿಹೋಯಿತು.

ಹೊಗೆ ಪತ್ತೆಹಚ್ಚುವ ಸಾಧನಗಳಲ್ಲಿ ಬಳಸುವ ಅಮೆರಿಸಿಯಂ-241 ಇನ್ನೂ ಒಳ್ಳೆಯ ಉದಾಹರಣೆ. ಅದರ ಕ್ಯೂ 5.638 ಎಂಇವಿ. ಪುತ್ರಿ ನೆಪ್ಚೂನಿಯಂ-237. ಹೆಚ್ಚಿನ ಕ್ಷಯಗಳು ಪುತ್ರಿಯ 59.5 ಕೆಇವಿ ಮಟ್ಟಕ್ಕೆ ಹೋಗುತ್ತವೆ. (5.638 − 0.0595) × 237 ÷ 241 = 5.486 ಎಂಇವಿ. ಅಳತೆಯ ಮುಖ್ಯ ಗೆರೆ ಸರಿಯಾಗಿ ಅಲ್ಲಿಯೇ ಇದೆ. ಉದ್ರೇಕವನ್ನು ಮರೆತು ನೇರವಾಗಿ ಪಾಲು ಮಾಡಿದ್ದರೆ 5.544 ಬರುತ್ತಿತ್ತು, ಆ ಗೆರೆಯೂ ಇದೆ, ಆದರೆ ತೀರ ಕ್ಷೀಣ.

ಗಾಮಾ ಹೊರಟಾಗಲೂ ನ್ಯೂಕ್ಲಿಯಸ್ ಹಿಮ್ಮೆಟ್ಟುತ್ತದಲ್ಲವೇ? ಹೌದು. ಗಾಮಾದ ಸಂವೇಗ ಅದರ ಶಕ್ತಿ ಭಾಗಿಸು ಬೆಳಕಿನ ವೇಗ. 186 ಕೆಇವಿಗೆ ರೇಡಾನ್ ಪಡೆಯುವ ಶಕ್ತಿ 0.186² ÷ (2 × 2,06,808) ಎಂಇವಿ, ಅಂದರೆ ಸುಮಾರು 0.08 ಇವಿ. ಆಲ್ಫಾ ಕೊಟ್ಟ 86,000 ಇವಿ ಒದೆತದ ಮುಂದೆ ಅದು ಲೆಕ್ಕಕ್ಕಿಲ್ಲ.

ಹೆಜ್ಜೆ 6: ಅಳತೆಯಿಂದ ಹಿಂದಕ್ಕೆ ಬನ್ನಿ, ಆದರೆ ಅಳೆದದ್ದು ಯಾರ ಶಕ್ತಿ ಎಂದು ಕೇಳಿಕೊಂಡು

ಪ್ರಯೋಗಾಲಯದಲ್ಲಿ ಲೆಕ್ಕ ತಲೆಕೆಳಗಾಗಿ ನಡೆಯುತ್ತದೆ. ಆಲ್ಫಾದ ಶಕ್ತಿ ಕೈಯಲ್ಲಿರುತ್ತದೆ, ಕ್ಯೂ ಬೇಕಾಗಿರುತ್ತದೆ. ಆಗ ಮಾತೃ ÷ ಪುತ್ರಿ ಅನುಪಾತದಿಂದ ಗುಣಿಸಿ. ಪುತ್ರಿಯ ದ್ರವ್ಯರಾಶಿ ಗೊತ್ತಿದ್ದರೆ ಆ ಕ್ಯೂನಿಂದ ಮಾತೃವಿನ ದ್ರವ್ಯರಾಶಿಯೂ ಸಿಗುತ್ತದೆ. ಅತಿ ಭಾರದ ಕೃತಕ ಧಾತುಗಳ ದ್ರವ್ಯರಾಶಿಯನ್ನು ಆಲ್ಫಾ ಸರಪಳಿಗಳ ಮೂಲಕ ಹೀಗೂ ಅಂದಾಜಿಸುತ್ತಾರೆ.

ಗುಣಿಸುವ ಮುನ್ನ ಡಿಟೆಕ್ಟರ್ ಯಾವುದು ಎಂದು ನೋಡಿ. ತೆಳ್ಳಗಿನ ಆಕರದ ಎದುರು ಸಿಲಿಕಾನ್ ಡಿಟೆಕ್ಟರ್ ಇಟ್ಟರೆ ಅದಕ್ಕೆ ತಲುಪುವುದು ಆಲ್ಫಾ ಮಾತ್ರ. ಪುತ್ರಿ ವಿರುದ್ಧ ದಿಕ್ಕಿಗೆ ಹೋಗಿ ಆಕರದ ತಟ್ಟೆಯಲ್ಲೇ ಹೂತುಕೊಳ್ಳುತ್ತದೆ. ಹಾಗಾಗಿ ಸಿಗುವುದು 4.784 ಎಂಇವಿಯಂಥ ಸಂಖ್ಯೆ. ವಿಕಿರಣಶೀಲ ವಸ್ತುವೇ ಡಿಟೆಕ್ಟರ್‌ನ ಒಳಗಿದ್ದು, ಹುಟ್ಟಿದ ಶಾಖವನ್ನು ಅಳೆಯುವುದಾದರೆ ಇಬ್ಬರ ಶಕ್ತಿಯೂ ಒಟ್ಟಿಗೆ ದಾಖಲಾಗುತ್ತದೆ, ಅಂದರೆ ಕ್ಯೂ. ಬಹುಕಾಲ ಸ್ಥಿರ ಎಂದೇ ನಂಬಿದ್ದ ಬಿಸ್ಮತ್-209 ಆಲ್ಫಾ ಕ್ಷಯ ಹೊಂದುತ್ತದೆ ಎಂದು 2003ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ತೋರಿಸಿದ್ದು ಶಾಖ ಅಳೆಯುವ ಇಂಥದೇ ಅತಿಶೀತ ಡಿಟೆಕ್ಟರ್‌ನಲ್ಲಿ, ಅಂದರೆ ಬೊಲೋಮೀಟರ್‌ನಲ್ಲಿ. ಬಿಸ್ಮತ್ ಹರಳಿನಲ್ಲೇ ಇತ್ತು. ಅಲ್ಲಿ ಕಾಣಬೇಕಾದ ಗೆರೆ 3.14 ಎಂಇವಿಯದು, 3.08ರದ್ದಲ್ಲ. ಅರ್ಧಾಯು, ಅಂದರೆ ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಕ್ಷಯವಾಗಲು ಬೇಕಾದ ಕಾಲ, ಸುಮಾರು 1.9 × 10¹⁹ ವರ್ಷ.

ಶಾಖದ ಲೆಕ್ಕಕ್ಕೂ ಇದೇ ನಿಯಮ. ವೊಯೇಜರ್ ನೌಕೆಗಳಿಗೆ ವಿದ್ಯುತ್ ಒದಗಿಸುವ ಪ್ಲುಟೋನಿಯಂ-238ರ ಕ್ಯೂ 5.593 ಎಂಇವಿ, ಅರ್ಧಾಯು 87.7 ವರ್ಷ. ಒಂದು ಗ್ರಾಂನಲ್ಲಿ 2.53 × 10²¹ ನ್ಯೂಕ್ಲಿಯಸ್‌ಗಳು, ಸೆಕೆಂಡಿಗೆ 6.34 × 10¹¹ ಕ್ಷಯಗಳು. ಪ್ರತಿ ಕ್ಷಯಕ್ಕೆ 8.96 × 10⁻¹³ ಜೂಲ್. ಗುಣಿಸಿದರೆ ಗ್ರಾಂಗೆ 0.57 ವಾಟ್. ಹಿಮ್ಮೆಟ್ಟುವ ಯುರೇನಿಯಂ-234 ಕೂಡ ಇಂಧನದೊಳಗೇ ನಿಂತು ಅದನ್ನು ಬಿಸಿ ಮಾಡುವುದರಿಂದ ಇಲ್ಲಿ ಬಳಸಬೇಕಾದದ್ದು ಆಲ್ಫಾದ 5.499 ಅಲ್ಲ, ಪೂರ್ತಿ ಕ್ಯೂ.

ಆ ಸಣ್ಣ ಪಾಲಿನ ದೊಡ್ಡ ಕೆಲಸ

ಶೇಕಡಾ ಎರಡಕ್ಕೂ ಕಡಿಮೆ ಎಂದು ಹಿಮ್ಮೆಟ್ಟುವಿಕೆಯನ್ನು ಬದಿಗಿಡುವವರಿಗೆ ಒಂದು ಹೋಲಿಕೆ: ರಾಸಾಯನಿಕ ಬಂಧವೊಂದನ್ನು ಮುರಿಯಲು ಕೆಲವೇ ಇವಿ ಸಾಕು. ರೇಡಾನ್‌ಗೆ ಸಿಕ್ಕಿರುವುದು 86,000 ಇವಿ. ಅದು ತಾನಿದ್ದ ಅಣುವಿನಿಂದ, ಹರಳಿನ ಜಾಲದಿಂದ ಕಿತ್ತುಕೊಂಡು ಹೋಗಿ ಖನಿಜದಲ್ಲಿ ಕೆಲವು ಹತ್ತು ನ್ಯಾನೋಮೀಟರ್ ದೂರ ಸಾಗುತ್ತದೆ. ಖನಿಜದ ಕಣದ ಅಂಚಿನಲ್ಲಿ ರೇಡಿಯಂ ಇದ್ದರೆ ಹುಟ್ಟಿದ ರೇಡಾನ್ ಈ ಒದೆತದಿಂದಲೇ ಹೊರಗಿನ ಸಂದಿಗೆ ಬಂದುಬೀಳುತ್ತದೆ. ಮಣ್ಣಿನಿಂದ ರೇಡಾನ್ ಅನಿಲ ಮೇಲೆ ಬರುವ ದಾರಿಯ ಮೊದಲ ಹೆಜ್ಜೆ ಇದು. ಅಂತರ್ಜಲದಲ್ಲಿ ಯುರೇನಿಯಂ-234ರ ಪ್ರಮಾಣ ಯುರೇನಿಯಂ-238ರ ಜೊತೆಗಿನ ಸಮತೋಲನಕ್ಕಿಂತ ಹೆಚ್ಚಿರುವುದಕ್ಕೂ ಇದು ಒಂದು ಕಾರಣ: ಯುರೇನಿಯಂ-238 ಕ್ಷಯವಾದಾಗ ಥೋರಿಯಂ-234ಕ್ಕೆ 4.270 × 4 ÷ 238 = 0.072 ಎಂಇವಿ ಸಿಗುತ್ತದೆ. ಅದು ಬಂಡೆಯಿಂದ ನೀರಿಗೆ ಹಾರಬಹುದು, ಇಲ್ಲವೇ ಹರಳಿನ ಜಾಲವನ್ನು ಹಾಳುಗೆಡವಿ ಮುಂದೆ ಹುಟ್ಟುವ ಯುರೇನಿಯಂ-234 ಸುಲಭವಾಗಿ ಕರಗುವಂತೆ ಮಾಡಬಹುದು.

ಆಲ್ಫಾ ಮಾಪನ ಮಾಡುವವರಿಗೆ ಇದು ನಿತ್ಯದ ತಲೆನೋವು. ನಿರ್ವಾತದಲ್ಲಿ ಆಕರದಿಂದ ಚಿಮ್ಮಿದ ಪುತ್ರಿ ಪರಮಾಣುಗಳು ಡಿಟೆಕ್ಟರ್ ಮುಖದ ಮೇಲೆ ನಾಟಿಕೊಳ್ಳುತ್ತವೆ. ಅವೂ ವಿಕಿರಣಶೀಲವಾಗಿದ್ದರೆ ಡಿಟೆಕ್ಟರ್ ಕಲುಷಿತವಾಯಿತು ಎಂದೇ. ಅದಕ್ಕಾಗಿ ಕೋಣೆಯಲ್ಲಿ ಸ್ವಲ್ಪ ಗಾಳಿ ಉಳಿಸುತ್ತಾರೆ, ಇಲ್ಲವೇ ಆಕರದ ಮೇಲೆ ತೆಳು ಪೊರೆ ಹೊದಿಸುತ್ತಾರೆ. ಆಲ್ಫಾ ಅದನ್ನು ದಾಟುತ್ತದೆ, ಭಾರದ ಪುತ್ರಿ ಸಿಕ್ಕಿಬೀಳುತ್ತದೆ.

ಸುರಂಗ ದಾಟುವಾಗ ಶಕ್ತಿ ನಿಯಮ ಮುರಿಯುತ್ತದೆಯೇ?

ಈ ಪ್ರಶ್ನೆ ಬಂದೇ ಬರುತ್ತದೆ. ರೇಡಾನ್ ನ್ಯೂಕ್ಲಿಯಸ್‌ನ ಅಂಚಿನಲ್ಲಿ ವಿದ್ಯುತ್ ವಿಕರ್ಷಣೆಯ ತಡೆಗೋಡೆ ಸುಮಾರು 27 ಎಂಇವಿ ಎತ್ತರ. ಆಲ್ಫಾ ಬಳಿ ಇರುವುದು ಐದಕ್ಕೂ ಕಡಿಮೆ. 1928ರಲ್ಲಿ ಜಾರ್ಜ್ ಗ್ಯಾಮೊ ಒಂದು ಕಡೆ, ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಇನ್ನೊಂದು ಕಡೆ, ಹತ್ತಲಾಗದ ಗೋಡೆಯನ್ನು ಕಣ ತೂರಿ ದಾಟುವ ಕ್ವಾಂಟಂ ಸುರಂಗದ ಮೂಲಕ ಇದನ್ನು ವಿವರಿಸಿದರು. ಆಲ್ಫಾ ಎಲ್ಲಿಂದಲೋ 27 ಎಂಇವಿ ಸಾಲ ತಂದು ಗೋಡೆ ಹತ್ತುವುದಿಲ್ಲ. ಅದರ ಒಟ್ಟು ಶಕ್ತಿ ಮೊದಲಿನಿಂದ ಕೊನೆಯವರೆಗೂ ಅಷ್ಟೇ. ಸುಮಾರು 51 ಫೆಮ್ಟೋಮೀಟರ್ ದೂರದಲ್ಲಿ ಗೋಡೆಯ ಎತ್ತರ 4.87 ಎಂಇವಿಗೆ ಇಳಿಯುತ್ತದೆ. ಅಲ್ಲಿಂದಾಚೆಗೆ ವಿಕರ್ಷಣೆ ಇಬ್ಬರನ್ನೂ ದೂರ ತಳ್ಳಿ ಸ್ಥಿತಿಶಕ್ತಿಯನ್ನು ಚಲನಶಕ್ತಿಯಾಗಿ ಬದಲಿಸುತ್ತದೆ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಆರಂಭ ಮತ್ತು ಅಂತ್ಯ ಮಾತ್ರ.

ಗೋಡೆ ಬದಲಾಯಿಸುವುದು ಶಕ್ತಿಯನ್ನಲ್ಲ, ಕಾಯಬೇಕಾದ ಕಾಲವನ್ನು. ಯುರೇನಿಯಂ-238ರ ಕ್ಯೂ 4.27 ಎಂಇವಿ, ಅರ್ಧಾಯು 447 ಕೋಟಿ ವರ್ಷ. ಪೊಲೋನಿಯಂ-212ರ ಕ್ಯೂ 8.95 ಎಂಇವಿ, ಅರ್ಧಾಯು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 0.3 ಭಾಗ. ಶಕ್ತಿ ಎರಡು ಪಟ್ಟಾದರೆ ಕಾಲ ಇಷ್ಟು ಕುಸಿಯುತ್ತದೆ.

ನೀವೇ ಮಾಡಿ ನೋಡಿ

ಪೊಲೋನಿಯಂ-210 ಸೀಸ-206 ಆಗುತ್ತದೆ. ದ್ರವ್ಯರಾಶಿಗಳು: 209.982874 ಮತ್ತು 205.974465. ಹೀಲಿಯಂ ಮೇಲೆಯೇ ಇದೆ. ಕ್ಯೂ, ಆಲ್ಫಾದ ಶಕ್ತಿ, ಸೀಸದ ಶಕ್ತಿ ಕಂಡುಹಿಡಿಯಿರಿ. ಕ್ಯೂ ಸುಮಾರು 5.41 ಎಂಇವಿ, ಆಲ್ಫಾ 5.30 ಎಂಇವಿ, ಸೀಸ 103 ಕೆಇವಿ ಬಂದರೆ ಸರಿ. ಬಳಿಕ ಒಂದು ಹೆಜ್ಜೆ ಮುಂದೆ ಹೋಗಿ: ಲಕ್ಷ ಕ್ಷಯಗಳಲ್ಲಿ ಸುಮಾರು ಒಂದರಲ್ಲಿ ಸೀಸ-206 ಉದ್ರೇಕಿತವಾಗಿ ಹುಟ್ಟಿ 803 ಕೆಇವಿಯ ಗಾಮಾ ಹೊರಹಾಕುತ್ತದೆ. ಆ ಅಪರೂಪದ ಆಲ್ಫಾದ ಶಕ್ತಿ ಎಷ್ಟು? 4.52 ಎಂಇವಿ ಬರಬೇಕು. 4.50 ಬಂದಿದ್ದರೆ ನೀವು ಮೊದಲು ಪಾಲು ಮಾಡಿ ಆಮೇಲೆ ಗಾಮಾವನ್ನು ಕಳೆದಿದ್ದೀರಿ. ಐದನೆಯ ಹೆಜ್ಜೆಯ ಕ್ರಮವನ್ನು ಇನ್ನೊಮ್ಮೆ ನೋಡಿ.